ಲೈನ್ ನಿಲ್ಲಿಸುವ ಹಗ್ಗ

ಹಳದಿ ಬಣ್ಣದ ಹಗ್ಗ. ಬಟ್ಟೆ ಒಣಹಾಕುವ ಹಗ್ಗದಷ್ಟೇ ದಪ್ಪ. ನಾನು ಮೊದಲು ಕೆಲಸಕ್ಕೆ ಸೇರಿದ ಕಾರ್ಖಾನೆಯಲ್ಲಿ ಅದನ್ನು ಅಸೆಂಬ್ಲಿ ಲೈನಿನ ಉದ್ದಕ್ಕೂ, ನಿಂತವರ ತಲೆಗಿಂತ ಒಂದು ಗೇಣು ಮೇಲೆ ಕಟ್ಟಿದ್ದರು. ನಾವು ಮಾಡುತ್ತಿದ್ದದ್ದು ಕಾರಿನ ಬ್ರೇಕಿಗೆ ಸೇರುವ ಒಂದು ಸಣ್ಣ ಭಾಗ. ಹಗ್ಗ ಕಟ್ಟಿದ ದಿನ ದೊಡ್ಡವರೆಲ್ಲ ಕೆಳಗಿಳಿದು ಬಂದಿದ್ದರು. ಟೊಯೋಟಾದಲ್ಲಿ ಹೀಗೇ ಮಾಡುತ್ತಾರೆ, ಇನ್ಮೇಲೆ ನಾವೂ ಲೀನ್, ತಪ್ಪು ಕಂಡವರು ಯಾರು ಬೇಕಾದರೂ ಎಳೆಯಬಹುದು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಮೂರು ವಾರ ಕಳೆದ ಮೇಲೆ ಒಬ್ಬ ಹುಡುಗ ಎಳೆದ. ಡ್ರಿಲ್ ಆಗಿ ಬಂದ ತೂತಿನ ಬಾಯಲ್ಲಿ ಚೂಪು ಅಂಚು ಉಳಿದಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ, ಉಗುರು ಆಡಿಸಿದರೆ ಗೊತ್ತಾಗುವಂಥದ್ದು. ಅಂಥ ಅಂಚಿನ ಮೇಲೆ ರಬ್ಬರ್ ಸೀಲ್ ಕೂರಿಸಿದರೆ ಇವತ್ತಲ್ಲದಿದ್ದರೆ ನಾಳೆ ಕುಯ್ದುಹೋಗುತ್ತದೆ. ಲೈನ್ ಹನ್ನೊಂದು ನಿಮಿಷ ನಿಂತಿತು. ಹಿಂದಿನ ಬಾಕ್ಸ್‌ಗಳನ್ನು ತೆಗೆದು ನೋಡಿದರೆ ಇನ್ನೂ ಎಂಟು ಪೀಸ್ ಹಾಗೇ ಇದ್ದವು.

ಶಿಫ್ಟ್ ಮುಗಿಯುವಾಗ ಇನ್‌ಚಾರ್ಜ್ ಅವನನ್ನು ಕರೆದರು. ಬೈಯಲಿಲ್ಲ. ಧ್ವನಿಯನ್ನೂ ಏರಿಸಲಿಲ್ಲ. "ಯಾಕಪ್ಪಾ ನಿಲ್ಲಿಸಿದೆ? ಪೀಸ್ ಪಕ್ಕಕ್ಕಿಟ್ಟು ಮುಂದೆ ಹೋಗಬಾರದಿತ್ತಾ? ಇವತ್ತಿನ ಟಾರ್ಗೆಟ್ ಹೋಯ್ತಲ್ಲ" ಅಂದರು. ಅಷ್ಟೇ. ಅವನು "ಸಾರಿ ಸಾರ್" ಅಂದ. ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು. ನಾನೂ ಅಲ್ಲೇ ಇದ್ದೆ. ಕ್ವಾಲಿಟಿ ವಿಭಾಗದವನು ನಾನು, ಅವನು ಮಾಡಿದ್ದು ಸರಿ ಅಂತ ಹೇಳಬೇಕಾದವನೂ ನಾನೇ. ಹೇಳಲಿಲ್ಲ. ಆಮೇಲೆ ನಾನು ಅಲ್ಲಿದ್ದ ನಾಲ್ಕು ವರ್ಷದಲ್ಲಿ ಆ ಹಗ್ಗವನ್ನು ಯಾರೂ ಮುಟ್ಟಲಿಲ್ಲ.

ಅವತ್ತಿನಿಂದ ಟೊಯೋಟಾದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಒಂದೇ ಪ್ರಶ್ನೆ ಹಿಡಿದುಕೊಂಡು. ಅದೇ ಹಗ್ಗ ಅಲ್ಲಿ ಕೆಲಸ ಮಾಡಿತು, ಇಲ್ಲಿ ಯಾಕೆ ಮಾಡಲಿಲ್ಲ?

ಮೊದಲು 'ಲೀನ್' ಅನ್ನೋ ಪದದ ವಿಷಯ. ಟೊಯೋಟಾದ ಕೆಲಸದ ಕ್ರಮಕ್ಕೆ ಅಂಟಿಕೊಂಡ ಹೆಸರು ಅದು, ಟೊಯೋಟಾದವರು ಇಟ್ಟದ್ದಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಗತ್ತಿನ ಕಾರು ಕಾರ್ಖಾನೆಗಳನ್ನು ಹೋಲಿಸಿ ಅಧ್ಯಯನ ಮಾಡುತ್ತಿದ್ದ ತಂಡದ ಜಾನ್ ಕ್ರಾಫ್ಚಿಕ್ 1988ರಲ್ಲಿ ಒಂದು ಲೇಖನದಲ್ಲಿ ಬಳಸಿದ ಪದ. ಕೊಬ್ಬಿಲ್ಲದ್ದು, ತೆಳ್ಳಗಿನದು ಅಂತ ಅರ್ಥ. ಪದ ಚೆನ್ನಾಗಿ ಓಡಿತು. ಆದರೆ ಅದನ್ನು ಕೇಳಿದವರ ಗಮನವೆಲ್ಲ ತೆಳ್ಳಗಾಗೋದರ ಕಡೆಗೇ ಹೋಯಿತು ಅಂತ ನನಗನಿಸುತ್ತದೆ. ಸ್ಟಾಕ್ ಕಮ್ಮಿ ಮಾಡಿ, ಜಾಗ ಕಮ್ಮಿ ಮಾಡಿ, ಜನ ಕಮ್ಮಿ ಮಾಡಿ. ಇವನ್ನು ಲೆಕ್ಕ ಹಾಕೋದು ಸುಲಭ, ವರ್ಷದ ಕೊನೆಗೆ ತೋರಿಸೋದೂ ಸುಲಭ. ಟೊಯೋಟಾದ ಕಥೆ ಶುರುವಾಗೋದು ಮಾತ್ರ ಬೇರೆ ಕಡೆ, ಒಂದು ಮಗ್ಗದಲ್ಲಿ.

ಸಾಕಿಚಿ ಟೊಯೋಡಾ 1867ರಲ್ಲಿ ಹುಟ್ಟಿದವರು, ಬಡಗಿಯ ಮಗ. ಮನೆತನದ ಹೆಸರು ಟೊಯೋಡಾ, ಕಾರು ಕಂಪನಿಯ ಹೆಸರು ಟೊಯೋಟಾ. ಅವರ ಊರಿನ ಮನೆಗಳಲ್ಲಿ ಹೆಂಗಸರು ಕೈಮಗ್ಗದಲ್ಲಿ ನೇಯುತ್ತಿದ್ದರು. ಆ ಶ್ರಮ ನೋಡಿಯೇ ಅವರು ಮಗ್ಗ ಸುಧಾರಿಸಲು ಹೊರಟರು ಅಂತ ಹೇಳುತ್ತಾರೆ. ಯಂತ್ರದ ಮಗ್ಗಕ್ಕೆ ಒಂದು ದೊಡ್ಡ ಕಾಟವಿತ್ತು. ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಕಡಿದರೂ ಮಗ್ಗಕ್ಕೆ ಗೊತ್ತಾಗೋದಿಲ್ಲ, ಅದು ನೇಯುತ್ತಲೇ ಇರುತ್ತದೆ. ಯಾರಾದರೂ ನೋಡುವ ಹೊತ್ತಿಗೆ ಮಾರುಗಟ್ಟಲೆ ಬಟ್ಟೆ ಹಾಳು. ಅದಕ್ಕೇ ಪ್ರತಿ ಮಗ್ಗದ ಮುಂದೆ ಒಬ್ಬರು ಕಣ್ಣು ಮಿಟುಕಿಸದೆ ನಿಲ್ಲಬೇಕಿತ್ತು.

ಸಾಕಿಚಿಯ ಮಗ್ಗದಲ್ಲಿ ಎಳೆ ಕಡಿದರೆ ಮಗ್ಗ ತಾನಾಗೇ ನಿಲ್ಲುತ್ತದೆ. ಒಂದೊಂದು ಎಳೆಗೂ ತೆಳು ಲೋಹದ ಪಟ್ಟಿ ನೇತುಹಾಕಿರುತ್ತಾರೆ. ಎಳೆ ಬಿಗಿಯಾಗಿರುವಷ್ಟು ಹೊತ್ತು ಪಟ್ಟಿ ಮೇಲೇ ಇರುತ್ತದೆ. ಎಳೆ ಕಡಿದ ತಕ್ಷಣ ಪಟ್ಟಿ ಕೆಳಗೆ ಬೀಳುತ್ತದೆ, ಬಿದ್ದದ್ದು ಯಂತ್ರವನ್ನು ತಡೆಯುತ್ತದೆ. ಇಷ್ಟೇ ಉಪಾಯ. ಲಾಳಿಯ ನೂಲು ಮುಗಿಯುವಾಗ ಓಟ ನಿಲ್ಲಿಸದೆ ಲಾಳಿ ಬದಲಿಸುವ ವ್ಯವಸ್ಥೆಯೂ ಸೇರಿಕೊಂಡು 1924ರಲ್ಲಿ ಜಿ ಮಾದರಿಯ ಮಗ್ಗ ಸಿದ್ಧವಾಯಿತು. ಆಗ ಒಬ್ಬರು ಮೂವತ್ತರಷ್ಟು ಮಗ್ಗ ನೋಡಿಕೊಳ್ಳಬಹುದಾಯಿತು. ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ 1929ರಲ್ಲಿ ಇದರ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿಕೊಂಡಿತು. ಮಗ ಕೀಚಿರೊ ಕಾರಿನ ಪ್ರಯೋಗ ಶುರುಮಾಡಿದ್ದು ಆ ಹಣದಿಂದ ಅಂತ ಹೇಳುವವರಿದ್ದಾರೆ.

ಈ ತಾನಾಗಿ ನಿಲ್ಲುವ ಗುಣಕ್ಕೆ ಟೊಯೋಟಾದಲ್ಲಿ 'ಜಿದೋಕಾ' ಅನ್ನುತ್ತಾರೆ. ಜಪಾನೀ ಭಾಷೆಯಲ್ಲಿ ಯಂತ್ರ ತಾನಾಗಿ ಓಡೋದಕ್ಕೂ ಉಚ್ಚಾರಣೆ ಅದೇ. ಬರೆಯುವಾಗ ಮಾತ್ರ 'ಚಲಿಸು' ಅನ್ನುವ ಅಕ್ಷರದ ಪಕ್ಕ ಟೊಯೋಟಾದವರು ಮನುಷ್ಯನ ಗುರುತಿರುವ ಎರಡು ಗೆರೆ ಸೇರಿಸುತ್ತಾರೆ. ಆಗ ಅದು 'ಕೆಲಸ ಮಾಡು' ಅಂತಾಗುತ್ತದೆ. ಸುಮ್ನೆ ಚಲಿಸೋದು ಬೇರೆ, ಕೆಲಸ ಮಾಡೋದು ಬೇರೆ. ನಡುವೆ ಇರೋದು ಒಬ್ಬ ಮನುಷ್ಯ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಅವತ್ತು ಆ ಹುಡುಗ ಉಗುರು ಆಡಿಸಿ ನೋಡಿದನಲ್ಲ, ಆ ಎರಡು ಗೆರೆ ಅವನೇ.

ಇನ್ನೊಂದು ಮುಖ್ಯ ವಿಷಯ, ಟೊಯೋಟಾದವರು ತೆಳ್ಳಗಾದದ್ದು ಹಣವಿಲ್ಲದೆ. 1937ರಲ್ಲಿ ಕಂಪನಿ ಶುರುವಾಯಿತು. 'ಬೇಕಾದಾಗ, ಬೇಕಾದಷ್ಟು' ಅನ್ನುವ ಯೋಚನೆಯನ್ನು ಕೀಚಿರೊ ಆಗಲೇ ತಂದಿದ್ದರು. ಯುದ್ಧ ಬಂದು ಎಲ್ಲ ಕೆಟ್ಟಿತು. 1949ರಲ್ಲಿ ದೇಶದಲ್ಲಿ ಹಣ ಬಿಗಿಯಾಗಿ, ಮಾಡಿದ ಟ್ರಕ್‌ಗಳು ಮಾರಾಟವಾಗದೆ ಕಂಪನಿ ಮುಳುಗುವ ಹಂತಕ್ಕೆ ಬಂತು. ಬ್ಯಾಂಕುಗಳು ಷರತ್ತು ಹಾಕಿದವು. ಯಾರನ್ನೂ ತೆಗೆಯೋದಿಲ್ಲ ಅಂದಿದ್ದ ಕೀಚಿರೊಗೆ ಮಾತು ಉಳಿಸಿಕೊಳ್ಳಲು ಆಗಲಿಲ್ಲ. 1950ರಲ್ಲಿ ದೊಡ್ಡ ಮುಷ್ಕರ ನಡೆಯಿತು, ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅದರ ಹೊಣೆ ಹೊತ್ತು ಜೂನ್ ತಿಂಗಳಲ್ಲಿ ಕೀಚಿರೊ ತಾವೂ ರಾಜೀನಾಮೆ ಕೊಟ್ಟರು. ಅದೇ ತಿಂಗಳ 25ಕ್ಕೆ ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಸೈನ್ಯದಿಂದ ಟ್ರಕ್‌ಗಳ ಆರ್ಡರ್ ಬಂತು, ಕಂಪನಿ ಬದುಕಿತು. ಕೀಚಿರೊ ಅವರನ್ನು ಮತ್ತೆ ಅಧ್ಯಕ್ಷರಾಗಿ ಕರೆತರುವ ತಯಾರಿ ನಡೆದಿದ್ದಾಗಲೇ 1952ರಲ್ಲಿ ಅವರು ತೀರಿಕೊಂಡರು.

1950ರ ಗಾಯ ಕಂಪನಿಯ ಮೈಯಲ್ಲಿ ಉಳಿಯಿತು. ಹಣ ಸ್ಟಾಕಿನಲ್ಲಿ ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ ಅಂತ ಅವರು ಕಣ್ಣಾರೆ ನೋಡಿದ್ದರು. ಜನರನ್ನು ಕಳಿಸಿದರೆ ಏನಾಗುತ್ತದೆ ಅಂತಲೂ ನೋಡಿದ್ದರು. ಎರಡೂ ಪಾಠ ಒಟ್ಟಿಗೇ ಬಂದವು. ಬೇರೆಯವರು ಮೊದಲನೆಯದನ್ನು ಮಾತ್ರ ಕಲಿತರು.

ಈ ಬರಗಾಲದಲ್ಲಿ ಕೆಲಸಕ್ಕೆ ಇಳಿದವರು ತೈಚಿ ಓನೊ. ಅವರು ಬಂದದ್ದು ಟೊಯೋಡಾದವರದೇ ನೂಲು-ನೇಯ್ಗೆ ಕಂಪನಿಯಿಂದ, 1943ರಲ್ಲಿ. ಅಲ್ಲಿ ಒಬ್ಬ ಹೆಣ್ಣುಮಗಳು ಹತ್ತಾರು ಮಗ್ಗ ನೋಡಿಕೊಳ್ಳೋದನ್ನು ಕಂಡಿದ್ದವರಿಗೆ ಇಲ್ಲಿ ಒಂದು ಯಂತ್ರಕ್ಕೆ ಒಬ್ಬ ನಿಂತು ಅದು ಕೊರೆಯೋದನ್ನೇ ನೋಡುತ್ತಿರೋದು ಸರಿಕಾಣಲಿಲ್ಲ. ಒಬ್ಬನಿಗೆ ಎರಡು ಯಂತ್ರ, ಆಮೇಲೆ ಮೂರು ಅಂತ ಜೋಡಿಸತೊಡಗಿದರು. ಕೆಲಸಗಾರರಿಗೆ ಸಿಟ್ಟು ಬಂತು. ಬರದೆ ಇರುತ್ತಾ? ಓನೊ ಮೃದು ಮನುಷ್ಯರಲ್ಲ. ಅವರ ಬಗ್ಗೆ ಓದುವಾಗ ಎಷ್ಟೋ ಕಡೆ ನನಗೂ ಕಸಿವಿಸಿಯಾಗಿದೆ.

ಆದರೆ ಅವರ ಕಣ್ಣು ಮಾತ್ರ ಅಪರೂಪದ್ದು. ಅಮೆರಿಕದ ಸೂಪರ್‌ಮಾರ್ಕೆಟ್ ಬಗ್ಗೆ ಕೇಳಿ ಅವರಿಗೊಂದು ಯೋಚನೆ ಬಂತು. ಗಿರಾಕಿ ಶೆಲ್ಫಿನಿಂದ ಬೇಕಾದಷ್ಟು ತೆಗೆದುಕೊಂಡು ಹೋಗುತ್ತಾನೆ, ಖಾಲಿಯಾದಷ್ಟನ್ನೇ ಅಂಗಡಿಯವನು ತುಂಬುತ್ತಾನೆ. ಹಾಗಾದರೆ ಕಾರ್ಖಾನೆಯಲ್ಲಿ ಮುಂದಿನ ಕೆಲಸದವನೇ ಗಿರಾಕಿ, ಹಿಂದಿನವನೇ ಅಂಗಡಿಯವನು. 1953ರಲ್ಲಿ ತಮ್ಮ ಮಷೀನ್ ಶಾಪಿನಲ್ಲಿ ಇದನ್ನು ಶುರುಮಾಡಿದರು. ಅದಕ್ಕೆ ಬಳಸಿದ್ದು ಒಂದು ಚೀಟಿ, ಕಾನ್‌ಬಾನ್.

ಚೀಟಿಯಲ್ಲಿ ಇರೋದು ಭಾಗದ ನಂಬರು, ಹೆಸರು, ಬಾಕ್ಸಿನಲ್ಲಿ ಎಷ್ಟು, ಎಲ್ಲಿಂದ ಎಲ್ಲಿಗೆ. ಬಾಕ್ಸಿನಿಂದ ಮೊದಲ ಪೀಸ್ ತೆಗೆಯುವಾಗ ಚೀಟಿ ಕಿತ್ತು ಪಕ್ಕದ ಡಬ್ಬಿಗೆ ಹಾಕುತ್ತಾರೆ. ಆ ಚೀಟಿ ಹಿಂದಕ್ಕೆ ಹೋಗುತ್ತದೆ. ಹಿಂದಿನವನಿಗೆ ಅದೇ ಆರ್ಡರ್. ಚೀಟಿ ಬಂದರೆ ಮಾಡು, ಬರದಿದ್ದರೆ ಮಾಡಬೇಡ. ಚೀಟಿಗಳ ಸಂಖ್ಯೆ ಎಷ್ಟೋ ಸ್ಟಾಕ್ ಅಷ್ಟೇ. ಒಂದು ಚೀಟಿ ತೆಗೆದುಹಾಕಿದರೆ ಒಂದು ಬಾಕ್ಸ್ ಕಮ್ಮಿಯಾಯಿತು. ಆಗ ಇಷ್ಟು ದಿನ ಆ ಬಾಕ್ಸ್ ಮುಚ್ಚಿಟ್ಟಿದ್ದ ತೊಂದರೆ ಹೊರಗೆ ಬರುತ್ತದೆ. ಯಂತ್ರ ಪದೇಪದೇ ಕೆಡುತ್ತಿತ್ತಾ, ಎದುರಿಗೆ ಬರುತ್ತದೆ. ಸಪ್ಲೈಯರ್ ತಡ ಮಾಡುತ್ತಿದ್ದನಾ, ಅದೂ ಬರುತ್ತದೆ. ಸ್ಟಾಕ್ ಕಮ್ಮಿ ಮಾಡೋದು ಹಣ ಉಳಿಸೋಕಷ್ಟೇ ಅಲ್ಲ, ತೊಂದರೆ ಕಾಣೋಕೆ. ನಮ್ಮ ಕಾರ್ಖಾನೆಯಲ್ಲಿ ಚೀಟಿ ತೆಗೆದರು. ತೊಂದರೆ ಕಂಡಾಗ ಬಗೆಹರಿಸುವ ಬದಲು, ಕಂಡವನನ್ನು ಕರೆದು ಕೇಳಿದರು.

ಟೊಯೋಟಾದಲ್ಲೂ ಇದೇನು ರಾತ್ರೋರಾತ್ರಿ ಆಗಿದ್ದಲ್ಲ. ಇಡೀ ಕಂಪನಿಗೆ ಚೀಟಿ ಹರಡಲು ಹತ್ತು ವರ್ಷದಷ್ಟು ಹಿಡಿಯಿತು.

ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚು, ಅದನ್ನು ಬದಲಿಸುವ ಕಥೆಯನ್ನಂತೂ ಬಿಡುವ ಹಾಗೇ ಇಲ್ಲ. ಕಾರಿನ ಬಾನೆಟ್, ಬಾಗಿಲು ಇವೆಲ್ಲ ಭಾರಿ ಪ್ರೆಸ್ಸಿನಲ್ಲಿ ತಗಡು ಒತ್ತಿ ಮಾಡುವಂಥವು. ಒಂದು ಆಕಾರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಟನ್‌ಗಟ್ಟಲೆ ತೂಕದ ಡೈ ಇಳಿಸಿ ಇನ್ನೊಂದನ್ನು ಏರಿಸಬೇಕು. ಅಷ್ಟು ಕಷ್ಟಪಟ್ಟು ಕೂರಿಸಿದ ಮೇಲೆ ತಿಂಗಳಿಗಾಗುವಷ್ಟು ಒತ್ತಿ ಗೋದಾಮಿಗೆ ತುಂಬೋದೇ ಜಾಣತನ ಅಂತ ಎಲ್ಲರೂ ಅಂದುಕೊಂಡಿದ್ದರು. ಟೊಯೋಟಾಗೆ ಅದು ಸಾಧ್ಯವಿರಲಿಲ್ಲ. ಮಾರಾಟ ಕಮ್ಮಿ, ಬೇಕಾದ ಮಾದರಿಗಳು ಜಾಸ್ತಿ. 1969ರಲ್ಲೂ ಅಲ್ಲಿ ಒಂದು ಸಾವಿರ ಟನ್ನಿನ ಪ್ರೆಸ್ಸಿಗೆ ಡೈ ಬದಲಿಸಲು ನಾಲ್ಕು ಗಂಟೆ ಬೇಕಿತ್ತು. ಶಿಗಿಯೊ ಶಿಂಗೊ ಅನ್ನುವ ಸಲಹೆಗಾರರು ಅಲ್ಲಿನವರ ಜೊತೆ ಕೂತು ಆರು ತಿಂಗಳಲ್ಲಿ ಅದನ್ನು ಒಂದೂವರೆ ಗಂಟೆಗೆ ಇಳಿಸಿದರು. ಸಾಲದು, ಮೂರು ನಿಮಿಷಕ್ಕೆ ಇಳಿಸಿ ಅಂತ ಮೇಲಿನಿಂದ ಬಂತು. ಇಳಿಸಿದರು!

ಹೇಗೆ ಅಂದರೆ, ಪ್ರೆಸ್ ನಿಂತಾಗ ಮಾತ್ರ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಟ್ಟುಕೊಳ್ಳಬಹುದಾದದ್ದು ಯಾವುದು ಅಂತ ಬೇರೆ ಮಾಡಿದರು. ಮುಂದಿನ ಡೈಯನ್ನು ಮೊದಲೇ ತಂದು ಪಕ್ಕದಲ್ಲಿ ಇಟ್ಟರು. ಎತ್ತರ ಒಂದೇ ಇರುವಂತೆ ಮಾಡಿ, ಅಳೆದು ಸರಿಪಡಿಸುವ ಕೆಲಸವನ್ನೇ ತೆಗೆದುಹಾಕಿದರು. ಬೋಲ್ಟನ್ನು ಹದಿನೈದು ಸುತ್ತು ತಿರುಗಿಸಿದರೂ ಅದು ಹಿಡಿಯೋದು ಕೊನೆಯ ಸುತ್ತಿನಲ್ಲಿ, ಹಾಗಿದ್ದರೆ ಉಳಿದ ಹದಿನಾಲ್ಕು ಯಾಕೆ? ಇಂಥ ಪ್ರಶ್ನೆಗಳು. ಓದಿದ ಮೇಲೆ ನಾನೂ ಪೀಸ್ ಹಿಡಿದಿಡುವ ನಮ್ಮ ಒಂದು ಫಿಕ್ಸ್‌ಚರ್ ಬಳಿ ನಿಂತು ಸುತ್ತು ಎಣಿಸಿದ್ದೆ. ಹನ್ನೆರಡು ಇತ್ತು.

ಬಿಸಿನೆಸ್ ಸ್ಟ್ರ್ಯಾಟಜಿ ಅಂತ ಬೇರೆ ಕೋಣೆಯಲ್ಲಿ ಕೂತು ಮಾತಾಡುವವರಿಗೆ ಈ ಮೂರು ನಿಮಿಷ ತೋರಿಸಬೇಕು ಅನಿಸುತ್ತದೆ. ಡೈ ಬೇಗ ಬದಲಾದರೆ ಸ್ವಲ್ಪ ಸ್ವಲ್ಪವೇ ಮಾಡಬಹುದು. ಆಗ ಒಂದೇ ಲೈನಿನಲ್ಲಿ ಬೇರೆ ಬೇರೆ ಮಾದರಿ ಓಡಿಸಬಹುದು. ಗಿರಾಕಿ ಕೇಳಿದ್ದನ್ನು ಬೇಗ ಕೊಡಬಹುದು, ಪೆಟ್ರೋಲ್ ದರ ಏರಿದರೆ ಸಣ್ಣ ಕಾರಿನ ಕಡೆ ತಿರುಗಬಹುದು. 1973ರ ತೈಲ ಬಿಕ್ಕಟ್ಟಿನಲ್ಲಿ ಎಲ್ಲರೂ ಕುಸಿದರೂ ಟೊಯೋಟಾ ಬೇಗ ಚೇತರಿಸಿಕೊಂಡಿತು. ಜಪಾನಿನ ಉಳಿದ ಕಂಪನಿಗಳು ಆ ಕಡೆ ತಿರುಗಿ ನೋಡಿದ್ದು ಆಗಲೇ. ಬೆಲೆಯ ಲೆಕ್ಕವೂ ಅಲ್ಲಿ ಉಲ್ಟಾ. ಖರ್ಚಿಗೆ ಲಾಭ ಸೇರಿಸಿ ಬೆಲೆ ಕಟ್ಟೋದಲ್ಲ, ಬೆಲೆಯನ್ನು ಗಿರಾಕಿಯೇ ಕಟ್ಟುತ್ತಾನೆ, ಅದರಲ್ಲಿ ಖರ್ಚು ಕಳೆದು ಉಳಿದದ್ದೇ ಲಾಭ. ಹಾಗಾಗಿ ಲಾಭ ಬೇಕಿದ್ದರೆ ಶಾಪ್ ಫ್ಲೋರಿಗೆ ಹೋಗಬೇಕು, ಬೇರೆ ದಾರಿಯಿಲ್ಲ.

ಈಗ ಹಗ್ಗಕ್ಕೆ ಬರುತ್ತೇನೆ. ಟೊಯೋಟಾದ ಲೈನಿನಲ್ಲಿ ಅದನ್ನು ಎಳೆದಾಗ ನಿಜವಾಗಿ ಏನಾಗುತ್ತದೆ? ಎಳೆದ ತಕ್ಷಣ ಲೈನ್ ನಿಲ್ಲೋದಿಲ್ಲ. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಒಂದು ಸಣ್ಣ ಸಂಗೀತ ಕೇಳಿಸುತ್ತದೆ. ಮೇಲಿನ ಬೋರ್ಡಿನಲ್ಲಿ ಆ ಜಾಗದ ನಂಬರಿನ ಮೇಲೆ ಹಳದಿ ದೀಪ ಹತ್ತುತ್ತದೆ. ಅದಕ್ಕೆ ಆಂಡಾನ್ ಅಂತ ಹೆಸರು. ಕಾರು ನಿಧಾನವಾಗಿ ಮುಂದೆ ಹೋಗುತ್ತಲೇ ಇರುತ್ತದೆ. ಟೀಮ್ ಲೀಡರ್ ಓಡಿ ಬರುತ್ತಾನೆ. ಅವನ ಕೈಕೆಳಗೆ ಇರೋದು ಐದೋ ಎಂಟೋ ಜನ, ಹಾಗಾಗಿ ದೂರದಿಂದ ಬರಬೇಕಾಗಿಲ್ಲ. ಕಾರು ಆ ಜಾಗದ ಗೆರೆ ದಾಟುವುದರೊಳಗೆ ಇಬ್ಬರೂ ಸೇರಿ ಸರಿಮಾಡಿದರೆ ಹಗ್ಗವನ್ನು ಇನ್ನೊಮ್ಮೆ ಎಳೆಯುತ್ತಾರೆ, ದೀಪ ಆರುತ್ತದೆ. ಲೈನ್ ನಿಲ್ಲೋದೇ ಇಲ್ಲ. ಆಗಲಿಲ್ಲ ಅಂದರೆ ಗೆರೆ ಬಂದ ಕೂಡಲೇ ಲೈನ್ ನಿಲ್ಲುತ್ತದೆ, ದೀಪ ಕೆಂಪಾಗುತ್ತದೆ.

ಅಂದರೆ ಆ ಹಗ್ಗ ಕರೆಯೋಕೆ ಇರೋದು. ಕರೆದರೆ ಬರೋಕೆ ಒಬ್ಬ ಮನುಷ್ಯ ಅಲ್ಲಿ ಇರಬೇಕು, ಅದೇ ಅವನ ಕೆಲಸ ಆಗಿರಬೇಕು. ನಮ್ಮ ಕಾರ್ಖಾನೆಯಲ್ಲಿ ಹಗ್ಗ ಕಟ್ಟಿದ ತಿಂಗಳೇ ಲೀನ್ ಹೆಸರಿನಲ್ಲಿ ಇಬ್ಬರು ಲೀಡರ್‌ಗಳನ್ನು ಕಮ್ಮಿ ಮಾಡಿದ್ದರು. ಎಳೆದರೆ ಬರೋರು ಯಾರು? ಹನ್ನೊಂದು ನಿಮಿಷ ಹೋಗಿದ್ದು ಹಾಗೆ. ಆ ಹುಡುಗನ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸ್‌ನ ಒಂದು ಕಾರ್ಖಾನೆಯಿತ್ತು. ಜಗಳ, ಗೈರುಹಾಜರಿ, ಕುಡಿತ, ಕಳಪೆ ಕಾರು, ಎಲ್ಲದಕ್ಕೂ ಹೆಸರಾಗಿದ್ದ ಜಾಗ. 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೋಟಾ ಮತ್ತು ಜಿಎಂ ಸೇರಿ ಅದನ್ನು 'ನುಮ್ಮಿ' ಅನ್ನುವ ಹೆಸರಿನಲ್ಲಿ ತೆರೆದವು. ಕೆಲಸಕ್ಕೆ ತೆಗೆದುಕೊಂಡದ್ದು ಬಹುಪಾಲು ಹಳಬರನ್ನೇ, ಯೂನಿಯನ್ನೂ ಹಳೆಯದೇ. ನೂರಾರು ಜನರನ್ನು ಜಪಾನಿನ ತಕಾಓಕಾ ಕಾರ್ಖಾನೆಗೆ ಕಳಿಸಿ ಕಲಿಸಿದರು. ಒಂದೆರಡು ವರ್ಷದೊಳಗೆ ಅಲ್ಲಿಂದ ಬರುತ್ತಿದ್ದ ಕಾರುಗಳ ಗುಣಮಟ್ಟ ಜಪಾನಿನ ಮಟ್ಟಕ್ಕೆ ಹತ್ತಿರವಾಯಿತು. ಕಾರ್ಮಿಕರೇ ಸರಿಯಿಲ್ಲ ಅನ್ನುತ್ತಿದ್ದವರಿಗೆ ಇದಕ್ಕಿಂತ ಉತ್ತರ ಬೇಕಾ?

ಪ್ರತಿಸ್ಪರ್ಧಿಗೆ ಯಾಕೆ ಎಲ್ಲ ತೋರಿಸಿಕೊಟ್ಟರು ಅಂತ ಕೇಳಬಹುದು. ಟೊಯೋಟಾಗೂ ಅಗತ್ಯವಿತ್ತು. 1981ರಿಂದ ಜಪಾನಿನ ಕಾರುಗಳ ರಫ್ತಿಗೆ ಮಿತಿ ಬಿದ್ದಿತ್ತು. ಅಮೆರಿಕದಲ್ಲೇ ಮಾಡಬೇಕಿತ್ತು, ಅಲ್ಲಿನ ಜನರ ಜೊತೆ, ಅಲ್ಲಿನ ಸಪ್ಲೈಯರ್‌ಗಳ ಜೊತೆ ಇದು ನಡೆಯುತ್ತದಾ ಅಂತ ನೋಡಬೇಕಿತ್ತು. ನಡೆಯುತ್ತದೆ ಅಂತ ಗೊತ್ತಾದ ಮೇಲೆ ಕೆಂಟಕಿಯ ಜಾರ್ಜ್‌ಟೌನಿನಲ್ಲಿ ತಮ್ಮದೇ ದೊಡ್ಡ ಕಾರ್ಖಾನೆ ಕಟ್ಟಿದರು, 1988ರಲ್ಲಿ ಅಲ್ಲಿ ಕಾರು ಹೊರಬಂತು. ಜಿಎಂ ಮಾತ್ರ ನುಮ್ಮಿಯಲ್ಲಿ ಕಂಡದ್ದನ್ನು ತನ್ನ ಬೇರೆ ಕಾರ್ಖಾನೆಗಳಿಗೆ ಒಯ್ಯಲು ವರ್ಷಗಟ್ಟಲೆ ಒದ್ದಾಡಿತು. ಹಗ್ಗ, ಬೋರ್ಡು, ಚೀಟಿ ಎಲ್ಲವೂ ಕಣ್ಣಿಗೆ ಕಾಣುತ್ತವೆ, ನಾಳೆಯೇ ಕೊಂಡು ತರಬಹುದು. ಟೀಮ್ ಲೀಡರ್ ಓಡಿ ಬಂದು ಮೊದಲು ಏನು ಹೇಳುತ್ತಾನೆ ಅನ್ನೋದು ಫೋಟೋದಲ್ಲಿ ಬರೋದಿಲ್ಲ.

ನುಮ್ಮಿಯ ಕೊನೆಯನ್ನೂ ಹೇಳಬೇಕು. 2009ರಲ್ಲಿ ದಿವಾಳಿಯಾದ ಜಿಎಂ ಹೊರನಡೆಯಿತು. ಟೊಯೋಟಾ ಒಂಟಿಯಾಗಿ ಮುಂದುವರಿಸಲಿಲ್ಲ. 2010ರ ಏಪ್ರಿಲ್ 1ಕ್ಕೆ ಮುಚ್ಚಿತು. ಅಷ್ಟು ವರ್ಷ ಆ ಹಗ್ಗವನ್ನು ನಂಬಿದ ಸಾವಿರಾರು ಜನ ಮನೆಗೆ ಹೋದರು. ಕಟ್ಟಡ ಟೆಸ್ಲಾ ಪಾಲಾಯಿತು. ಟೊಯೋಟಾವನ್ನು ಮೆಚ್ಚುವ ನನಗೆ ಇದು ಇವತ್ತಿಗೂ ಚುಚ್ಚುತ್ತದೆ.

ಸ್ಟಾಕ್ ಇಲ್ಲದೆ ಬದುಕುವವರ ಮನೆಗೆ ಬೆಂಕಿ ಬಿದ್ದರೆ? ನಿಜವಾಗಿಯೂ ಬಿತ್ತು. 1997ರ ಫೆಬ್ರವರಿ 1, ಶನಿವಾರ, ಇನ್ನೂ ಬೆಳಕು ಹರಿದಿರಲಿಲ್ಲ. ಜಪಾನಿನ ಕರಿಯಾ ಊರಿನಲ್ಲಿದ್ದ ಐಸಿನ್ ಕಂಪನಿಯ ಕಾರ್ಖಾನೆ ಸುಟ್ಟುಹೋಯಿತು. ಅಲ್ಲಿ ಮಾಡುತ್ತಿದ್ದದ್ದು ಹಿಂದಿನ ಚಕ್ರದ ಬ್ರೇಕಿಗೆ ಹೋಗುವ ಒತ್ತಡ ಹತೋಟಿಯಲ್ಲಿಡುವ ವಾಲ್ವ್. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೆಲೆಯೂ ಕಮ್ಮಿ, ಒಳಗಿನ ಕೊರೆತ ಮಾತ್ರ ಬಹಳ ನಾಜೂಕು. ಬ್ರೇಕಿನ ಭಾಗ ಮಾಡಿದವನಿಗೆ ಆ ತೂತುಗಳ ಅಳತೆ ಏನು ಅಂತ ಗೊತ್ತು. ಟೊಯೋಟಾದ ಹೆಚ್ಚುಕಡಿಮೆ ಎಲ್ಲ ವಾಲ್ವ್‌ಗಳೂ ಅದೊಂದೇ ಜಾಗದಿಂದ ಬರುತ್ತಿದ್ದವು. ಕೈಯಲ್ಲಿದ್ದ ಸ್ಟಾಕ್ ಹೆಚ್ಚು ದಿನಕ್ಕೆ ಸಾಲುವಂಥದ್ದಲ್ಲ. ಮೂರ್ನಾಲ್ಕು ದಿನದಲ್ಲಿ ಜಪಾನಿನ ಟೊಯೋಟಾ ಲೈನ್‌ಗಳು ಒಂದೊಂದಾಗಿ ನಿಂತವು.

ಆಮೇಲೆ ನಡೆದದ್ದು ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟದ ಭಾಗ. ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ಇನ್ನೂರರಷ್ಟು ಕಂಪನಿಗಳು ಕೈಹಾಕಿದವು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕೂಡ ತನ್ನ ಯಂತ್ರಗಳಲ್ಲಿ ವಾಲ್ವ್ ಕೊರೆಯಲು ಕೂತಿತು. ಯಾರ ಹತ್ತಿರವೂ ಆ ಕೆಲಸಕ್ಕೆಂದೇ ಇದ್ದ ಯಂತ್ರ ಇರಲಿಲ್ಲ. ಇದ್ದದ್ದರಲ್ಲೇ ಹೊಂದಿಸಿಕೊಂಡರು. ಬೆಲೆ ಎಷ್ಟು, ಕಾಗದ ಎಲ್ಲಿ ಅಂತ ಕೇಳುತ್ತ ಯಾರೂ ಕೂರಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಲೈನ್‌ಗಳು ಮತ್ತೆ ಓಡಿದವು. ಗೋದಾಮಿನಲ್ಲಿ ಇರದ ಸ್ಟಾಕ್ ಆ ಜನರ ಕೈಯಲ್ಲಿತ್ತು ಅನಿಸುತ್ತದೆ ನನಗೆ. ವರ್ಷಗಟ್ಟಲೆ ತೊಂದರೆಗಳನ್ನು ಒಟ್ಟಿಗೆ ಬಗೆಹರಿಸಿದವರಿಗೆ ಅವತ್ತು ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ.

ಹಾಗಂತ ಟೊಯೋಟಾ ಎಡವಿಲ್ಲ ಅಂತಲ್ಲ. ಬಹಳ ಜೋರಾಗಿಯೇ ಎಡವಿದೆ. ಜಗತ್ತಿನ ಕಾರು ಮಾರುಕಟ್ಟೆಯಲ್ಲಿ ಶೇ. 15 ಪಾಲು ಹಿಡಿಯಬೇಕು ಅನ್ನುವ ಗುರಿಯನ್ನು 2002ರಲ್ಲಿ ಇಟ್ಟುಕೊಂಡರು. ಕಾರ್ಖಾನೆ ಮೇಲೆ ಕಾರ್ಖಾನೆ ಎದ್ದವು. 2008ರಲ್ಲಿ ಮಾರಾಟದಲ್ಲಿ ಜಿಎಂ ಅನ್ನು ದಾಟಿ ಮೊದಲ ಸ್ಥಾನಕ್ಕೆ ಬಂದರು. ಮರುವರ್ಷವೇ ಪೆಡಲ್ ಸಿಕ್ಕಿಕೊಂಡು, ನೆಲದ ಮ್ಯಾಟ್ ಅಡ್ಡ ಬಂದು ಕಾರು ತಾನಾಗೇ ಓಡುತ್ತದೆ ಅನ್ನುವ ದೂರುಗಳು ದೊಡ್ಡದಾದವು. ಜನ ಸತ್ತಿದ್ದರು. 80 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಬೇಕಾಯಿತು. 2010ರ ಫೆಬ್ರವರಿ 24ಕ್ಕೆ ಕೀಚಿರೊನ ಮೊಮ್ಮಗ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತರು. ನಮ್ಮಲ್ಲಿ ಮೊದಲು ಸುರಕ್ಷತೆ, ಆಮೇಲೆ ಗುಣಮಟ್ಟ, ಕೊನೆಗೆ ಸಂಖ್ಯೆ ಅಂತ ಇತ್ತು, ಬೇಗ ಬೇಗ ಬೆಳೆಯುವ ಭರದಲ್ಲಿ ಆ ಕ್ರಮ ಕಲಸಿಹೋಯಿತು ಅನ್ನುವ ಅರ್ಥದ ಮಾತು ಹೇಳಿದರು. 2014ರಲ್ಲಿ, ಸುರಕ್ಷತೆಯ ವಿಷಯ ಮುಚ್ಚಿಟ್ಟು ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ ಅಮೆರಿಕದ ನ್ಯಾಯ ಇಲಾಖೆಗೆ 120 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡರು. ಲೈನಿನಲ್ಲಿ ಹಗ್ಗ ಇದ್ದ ಕಂಪನಿಯೇ ಇದು. ಮೇಲಿನ ಮಹಡಿಗಳಲ್ಲಿ ಅದನ್ನು ಎಳೆಯುವವರು ಇರಲಿಲ್ಲ.

ಇನ್ನೂ ನೋವಿನ ವಿಷಯ ಒಂದಿದೆ. 2002ರಲ್ಲಿ ಟೊಯೋಟಾದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷದ ಒಬ್ಬ ಕೆಲಸಗಾರ ನಸುಕಿನಲ್ಲಿ ಕುಸಿದು ಸತ್ತ. ಗುಣಮಟ್ಟ ನೋಡಿಕೊಳ್ಳುವ ಕೆಲಸ ಅವನದು. ಅತಿಯಾದ ದುಡಿಮೆಯೇ ಕಾರಣ ಅಂತ ಹೆಂಡತಿ ಹೋರಾಡಿದರು. 2007ರಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಶಿಫ್ಟ್ ಮುಗಿದ ಮೇಲೆ 'ಸ್ವಂತ ಇಷ್ಟದಿಂದ' ಕೂತು ಮಾಡುವ ಸುಧಾರಣೆಯ ಸಭೆಗಳೂ ಕೆಲಸವೇ ಅಂತ ಲೆಕ್ಕಕ್ಕೆ ತೆಗೆದುಕೊಂಡಿತು. ಮರುವರ್ಷದಿಂದ ಟೊಯೋಟಾ ಆ ಸಭೆಗಳ ಹೊತ್ತಿಗೂ ಓವರ್‌ಟೈಮ್ ಕೊಡತೊಡಗಿತು. ಕೈಜೆನ್ ಅಂದರೆ ದಿನದಿನಕ್ಕೂ ಒಳ್ಳೆಯದಾಗಿಸೋದು, ನಾನು ಅದನ್ನು ಮನಸಾರೆ ನಂಬುತ್ತೇನೆ. ಆದರೆ ಆ ಕೈಜೆನ್ ಮನುಷ್ಯನ ನಿದ್ದೆಯಿಂದ ಕದ್ದದ್ದಾದರೆ ಅದನ್ನು ಲೀನ್ ಅನ್ನಲು ನನಗೆ ಬಾಯಿ ಬರೋದಿಲ್ಲ.

2023ರ ಕೊನೆಗೆ ಟೊಯೋಟಾ ಒಡೆತನದ ದೈಹಾತ್ಸುವಿನಲ್ಲಿ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ನಡೆದದ್ದು ಹೊರಬಿತ್ತು. 64 ಮಾದರಿಗಳು, ಕೆಲವು ದಶಕಗಳಷ್ಟು ಹಳೆಯವು. ಹೊಸ ಕಾರು ತರುವ ವೇಳಾಪಟ್ಟಿ ಉಸಿರಾಡಲೂ ಬಿಡದಷ್ಟು ಬಿಗಿಯಾಗಿತ್ತು ಅಂತ ತನಿಖೆ ಮಾಡಿದವರು ಹೇಳಿದರು. ಆಗುತ್ತಿಲ್ಲ ಅಂತ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ವರದಿ ಓದಿದಾಗ ನನಗೆ ನೆನಪಾದದ್ದು ಇನ್‌ಚಾರ್ಜ್‌ನ ಆ ಮೆತ್ತನೆ ಧ್ವನಿ.

ಟೊಯೋಟಾದ ಬಗ್ಗೆ ಗೌರವ ಉಳಿದಿರೋದು ಅವರು ನಿಂತು ನೋಡುತ್ತಾರೆ ಅನ್ನೋ ಕಾರಣಕ್ಕೆ. 2011ರ ಮಾರ್ಚ್ 11ರ ಭೂಕಂಪದಲ್ಲಿ ರೆನೆಸಾಸ್‌ನ ಚಿಪ್ ಕಾರ್ಖಾನೆ ಹಾಳಾಗಿ ಕಾರುಗಳು ನಿಂತವು. ಆಗ ಟೊಯೋಟಾ ತನ್ನ ಸಪ್ಲೈಯರ್‌ಗಳ ಸಪ್ಲೈಯರ್‌ಗಳನ್ನೂ ಹುಡುಕಿ ಪಟ್ಟಿ ಮಾಡಿತು. ಚಿಪ್‌ಗಳನ್ನು ಮಾತ್ರ ಎರಡರಿಂದ ಆರು ತಿಂಗಳಿಗಾಗುವಷ್ಟು ಇಟ್ಟುಕೊಳ್ಳಿ ಅಂದಿತು. ಸ್ಟಾಕೇ ಬೇಡ ಅಂತ ಜಗತ್ತಿಗೆ ಕಲಿಸಿದವರು! ಇದರಲ್ಲಿ ವಿರೋಧವೇನೂ ಇಲ್ಲ. ಬೋಲ್ಟು ಬೇಕಂದರೆ ಮಧ್ಯಾಹ್ನದೊಳಗೆ ಬರುತ್ತದೆ, ಚಿಪ್‌ಗೆ ತಿಂಗಳುಗಟ್ಟಲೆ ಬೇಕು. ಯಾವುದನ್ನು ಎಷ್ಟು ಇಡಬೇಕು ಅನ್ನೋದನ್ನು ಆ ವಸ್ತುವೇ ಹೇಳುತ್ತದೆ. 2021ರ ಚಿಪ್ ಬರದಲ್ಲಿ ಬೇರೆಯವರೆಲ್ಲ ಮೊದಲೇ ನಿಂತಾಗ ಟೊಯೋಟಾ ಬಹಳ ದಿನ ಓಡಿತು. ಸೆಪ್ಟೆಂಬರಿನಲ್ಲಿ ಅದೂ ಉತ್ಪಾದನೆಯನ್ನು ಶೇ. 40 ಇಳಿಸಬೇಕಾಯಿತು. ಆದರೂ ಆ ವರ್ಷ ಅಮೆರಿಕದ ಮಾರಾಟದಲ್ಲಿ ಜಿಎಂ ಅನ್ನು ಹಿಂದೆ ಹಾಕಿತು. 1931ರಿಂದ ಜಿಎಂ ಬಿಟ್ಟುಕೊಡದ ಜಾಗ ಅದು.

ಈಗ ಬ್ಯಾಟರಿ ಕಾರಿನಲ್ಲಿ ಟೊಯೋಟಾ ತಡಮಾಡಿತು ಅಂತ ಬೈಯುವವರಿದ್ದಾರೆ. 1997ರಲ್ಲೇ ಪೆಟ್ರೋಲ್, ಬ್ಯಾಟರಿ ಎರಡರಿಂದಲೂ ಓಡುವ ಪ್ರಿಯಸ್ ತಂದವರು ಆ ಹೈಬ್ರಿಡ್ ಬಿಡದೆ, ಎಲ್ಲ ದಾರಿಗಳನ್ನೂ ತೆರೆದಿಟ್ಟುಕೊಂಡು ಹೋಗುತ್ತಿದ್ದಾರೆ. ಡೈ ಮೂರು ನಿಮಿಷದಲ್ಲಿ ಬದಲಿಸುವ ಕಂಪನಿಗೆ ಒಂದೇ ದಾರಿಗೆ ಎಲ್ಲ ಹಣ ಹಾಕೋದು ಸಹಜವಾಗಿ ಬರೋದಿಲ್ಲ ಅಂತ ನನ್ನ ಅಂದಾಜು. ಆದರೆ ನಿಧಾನವಾಗಿ ನೋಡೋಣ ಅನ್ನೋದು ಕೆಲವೊಮ್ಮೆ ನೋಡದೇ ಇರೋದಕ್ಕೆ ನೆಪವೂ ಆಗಬಹುದು, ಆ ಭಯವೂ ಇದೆ.

ನಾನೀಗ ಬೇರೆ ಕಾರ್ಖಾನೆಯಲ್ಲಿದ್ದೇನೆ. ಇಲ್ಲಿ ಹಗ್ಗವಿಲ್ಲ, ಪ್ರತಿ ಜಾಗದಲ್ಲೂ ಒಂದು ಬಟನ್ ಇದೆ. ಆರು ಜನಕ್ಕೆ ಒಬ್ಬ ಲೀಡರ್ ಬೇಕೇ ಬೇಕು ಅಂತ ಹಠ ಹಿಡಿದು ಪಡೆದುಕೊಂಡಿದ್ದೇನೆ. ಮೊದಲ ತಿಂಗಳು ಬಟನ್ ಯಾರೂ ಒತ್ತಲಿಲ್ಲ. ಎಲ್ಲ ಸರಿಯಿದೆ ಅಂತ ಅಲ್ಲ, ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಎರಡನೇ ತಿಂಗಳು ಒಂದು ಬೆಳಿಗ್ಗೆ ಹಳದಿ ದೀಪ ಹತ್ತಿತು. ಹೊಸದಾಗಿ ಸೇರಿದ ಹುಡುಗಿ. ಲೀಡರ್ ಹೋದ, ಹಿಂದೆಯೇ ನಾನೂ ಹೋದೆ. ಅವಳು ಒಂದು ಪೀಸನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. "ಸಾರ್, ಇಲ್ಲಿ ಗೆರೆ ಥರ ಕಾಣಿಸ್ತು" ಅಂದಳು. ಲೀಡರ್ ಬಟ್ಟೆಯಿಂದ ಒರೆಸಿದ. ಗೆರೆ ಹೋಯಿತು. ಎಣ್ಣೆಯ ಕಲೆ ಅಷ್ಟೇ. ಅವಳ ಮುಖ ಚಿಕ್ಕದಾಯಿತು.

"ಒತ್ತಿದ್ದು ಒಳ್ಳೇದಾಯ್ತಮ್ಮ" ಅಂದೆ. "ನಾಳೇನೂ ಹೀಗೇ ಒತ್ತು."

ಅವಳು ಕೂಡಲೇ ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಲೀಡರ್‌ನ ಮುಖ ನೋಡಿದಳು. ಕೊನೆಗೆ "ಸರಿ ಸಾರ್" ಅಂದು ದೀಪ ಆರಿಸಿ, ಮುಂದಿನ ಪೀಸ್ ಕೈಗೆ ತೆಗೆದುಕೊಂಡಳು.